ಕಾಲಮ್‌ನಲ್ಲಿ ಬೇರೆಯಾದ ಎರಡು ಯೂರಿಯಾ ಮತ್ತೆ ಬೆರೆಯುತ್ತಿವೆ: ಕಲ್ಮಶವೋ, ಬಂಧ ತಿರುಗದ್ದಕ್ಕೋ?

ತೊಗರಿಕಣಜ (ಕಲಬುರಗಿ)

ಆರೊಮ್ಯಾಟಿಕ್ ಯೂರಿಯಾ (ಕಾರ್ಬೊನಿಲ್, ಅಂದರೆ C=O, ಅದರ ಎರಡೂ ಪಕ್ಕ ನೈಟ್ರೋಜನ್, ಒಂದರ ಮೇಲೆ ಬೆಂಜೀನ್ ಉಂಗುರ) ಕೆಲಸ ಮಾಡುವವರು ದಯವಿಟ್ಟು ನೋಡಿ.

2-ಐಸೊಪ್ರೊಪೈಲ್-6-ಮೀಥೈಲ್ ಅನಿಲೀನ್‌ಗೆ ಎಸ್-1-ಫಿನೈಲ್‌ಈಥೈಲ್ ಐಸೊಸಯನೇಟ್ ಸೇರಿಸಿ ಯೂರಿಯಾ ಮಾಡಿ, ಆಮೇಲೆ ಎರಡೂ ನೈಟ್ರೋಜನ್‌ಗಳ ಮೇಲೆ ಮೀಥೈಲ್ ಕೂಡಿಸಿದ್ದೇನೆ. ಅಣುತೂಕ 324.5, ಮಾಸ್ ಸ್ಪೆಕ್ಟ್ರಮ್‌ನಲ್ಲಿ 325 (ಅಣು ಮತ್ತು ಒಂದು ಪ್ರೋಟಾನ್) ಬಿಟ್ಟರೆ ಬೇರೆ ಏನೂ ಇಲ್ಲ. ಆದರೆ ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಪ್ರತಿ ಹೈಡ್ರೋಜನ್‌ನ ಸುತ್ತಮುತ್ತ ತೋರಿಸುವ ಸ್ಪೆಕ್ಟ್ರಮ್) ಪ್ರತಿಯೊಂದು ಸಿಗ್ನಲ್ ಎರಡೆರಡು ಕಾಣುತ್ತದೆ, ಅನುಪಾತ 58:42. ಎಚ್‌ಪಿಎಲ್‌ಸಿಯಲ್ಲೂ (ಒತ್ತಡದ ದ್ರವ ಕ್ರೊಮ್ಯಾಟೋಗ್ರಫಿ) ಎರಡು ಪೀಕ್. ಸಿಲಿಕಾ ಕಾಲಮ್‌ನಲ್ಲಿ ನಿಧಾನವಾಗಿ ಇಳಿಸಿದರೆ ಎರಡೂ ಬೇರೆಯಾಗುತ್ತವೆ.

ತೊಂದರೆ ಶುರುವಾಗುವುದು ಇಲ್ಲಿಂದ. ಮೊದಲು ಇಳಿದ ಶುದ್ಧ ಫ್ರ್ಯಾಕ್ಷನ್ನನ್ನು 60 ಡಿಗ್ರಿ ನೀರಿನ ಬಾತ್ ಇರುವ ರೋಟರಿಯಲ್ಲಿ (ದ್ರಾವಕ ಆವಿ ಮಾಡಿ ತೆಗೆಯುವ ಉಪಕರಣ) ಆರಿಸಿದರೆ ಎರಡನೆಯದು ಮತ್ತೆ ಹಾಜರ್. ರೋಟರಿಗೆ ಹಾಕದೆ ಬೆಂಚ್ ಮೇಲೆ ಇಟ್ಟರೆ (ಎಸಿ ಇಲ್ಲ, ಈಗ ಮಧ್ಯಾಹ್ನ ಒಳಗೇ 40 ಡಿಗ್ರಿ) ಸುಮಾರು ಮೂರು ತಾಸಿನಲ್ಲಿ ಅರ್ಧ ದಾರಿ ಹಿಂದಕ್ಕೆ ಬಂದಿರುತ್ತದೆ. ಫ್ರಿಜ್‌ನಲ್ಲಿಟ್ಟದ್ದು ಹಾಗೇ ಇದೆ.

ಕೇಳಬೇಕಾದದ್ದು ಎರಡು. ಇದು ಕಾರ್ಬೊನಿಲ್ ಪಕ್ಕದ ಸಿ–ಎನ್ ಬಂಧ ತಿರುಗದ್ದರಿಂದಲೋ, ಬೆಂಜೀನ್ ಉಂಗುರ ಮತ್ತು ನೈಟ್ರೋಜನ್ ನಡುವಿನ ಬಂಧ ತಿರುಗದ್ದರಿಂದಲೋ? ಮತ್ತೆ, ಇದನ್ನು ಸೆಕೆಂಡರಿ ಬ್ಯುಟೈಲ್ ಲಿಥಿಯಂ ಹಾಕಿ ಮುಂದಿನ ರಿಯಾಕ್ಷನ್‌ಗೆ ಒಯ್ಯುವಾಗ ಬೇರೆ ಮಾಡಿಕೊಂಡೇ ಹೋಗಬೇಕೋ, ಮಿಶ್ರಣವೇ ಸಾಕೋ?

---

ಬಿದರಿ_ಬೀಕರ್ (ಬೀದರ್)

ಕಲ್ಮಶ ಅಲ್ಲ. ನಿಮ್ಮ ಬಳಿ ಇರುವುದು ಎರಡು ಆಟ್ರೊಪ್ ಐಸೋಮರ್, ಅಂದರೆ ಒಂದು ಬಂಧ ಸಲೀಸಾಗಿ ತಿರುಗದ್ದರಿಂದ ಬೇರೆಯಾಗಿ ಉಳಿದ ರೂಪಗಳು. ಫಿನೈಲ್‌ಈಥೈಲ್‌ನ ಕೈರಲ್ ಕಾರ್ಬನ್ ಜೊತೆಗಿರುವುದರಿಂದ ಅವು ಒಂದಕ್ಕೊಂದು ಡಯಾಸ್ಟಿರಿಯೋಮರ್ (ಕನ್ನಡಿ ಬಿಂಬವಲ್ಲದ, ಗುಣದಲ್ಲಿ ಬೇರೆಯಾದ ಜೋಡಿ) ಆಗುತ್ತವೆ. ಸಾದಾ ಸಿಲಿಕಾದಲ್ಲೇ ಬೇರೆಯಾಗುವುದೂ ಅದಕ್ಕೇ.

ಯಾವ ಬಂಧ ಎಂಬುದಕ್ಕೆ ನಿಮ್ಮ ಕಾಲಮ್ಮೇ ಉತ್ತರ ಕೊಟ್ಟಿದೆ. ನಾಲ್ಕೂ ಕಡೆ ಬದಲಿ ಗುಂಪು ಇರುವ ಯೂರಿಯಾದಲ್ಲಿ ನೈಟ್ರೋಜನ್–ಕಾರ್ಬೊನಿಲ್ ಬಂಧ ತಿರುಗುವ ತಡೆ (ತಿರುಗಲು ಬೇಕಾದ ಶಕ್ತಿ) ಬಹಳ ಕಡಿಮೆ. ಒಂದೇ ಕಾರ್ಬೊನಿಲ್‌ಗೆ ಎರಡು ನೈಟ್ರೋಜನ್ ಪೈಪೋಟಿ ಮಾಡುತ್ತವೆ, ಗುಂಪುಗಳ ಒತ್ತಡಕ್ಕೆ ಸಮತಲವೂ ತಿರುಚಿಕೊಳ್ಳುತ್ತದೆ. ಆ ಬಂಧ ಕೋಣೆಯ ಉಷ್ಣತೆಯಲ್ಲಿ ಎನ್‌ಎಂಆರ್‌ಗೇ ಸರಾಸರಿಯಾಗಿ ಕಾಣುತ್ತದೆ, ಕಾಲಮ್‌ನಲ್ಲಿ ಬೇರೆಯಾಗುವ ಮಾತೇ ಇಲ್ಲ. ತಾಸುಗಟ್ಟಲೆ ಬೇರೆಯಾಗಿ ಉಳಿಯುವುದು ಉಂಗುರ–ನೈಟ್ರೋಜನ್ ಅಕ್ಷ ಮಾತ್ರ. 2ರಲ್ಲಿ ಐಸೊಪ್ರೊಪೈಲ್, 6ರಲ್ಲಿ ಮೀಥೈಲ್ ಕೂತಿರುವಾಗ ಉಂಗುರ ಯೂರಿಯಾದ ಸಮತಲಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಸುತ್ತು ಹಾಕಬೇಕಾದರೆ ಆ ಎರಡರಲ್ಲೊಂದು ಎನ್-ಮೀಥೈಲ್ ಅಥವಾ ಕಾರ್ಬೊನಿಲ್ ಕಡೆ ತೂರಿಕೊಂಡು ಹೋಗಬೇಕು.

ಇನ್ನು ಲೆಕ್ಕ. ಇದನ್ನು ಮೊದಲು ಮಾಡಿಕೊಳ್ಳಿ, ಉಳಿದ ಎಲ್ಲ ನಿರ್ಧಾರಕ್ಕೂ ಇದೇ ಆಧಾರ.

ಶುದ್ಧ ಐಸೋಮರ್ ಸಮತೋಲದ ಕಡೆ ಹೋಗುವ ವೇಗ ಅಂದರೆ ಮುಂದಿನ ಮತ್ತು ಹಿಂದಿನ ದರಗಳ ಮೊತ್ತ. ಮೂರು ತಾಸು, ಅಂದರೆ 10,800 ಸೆಕೆಂಡಿಗೆ ಅರ್ಧ ದಾರಿ ಎಂದರೆ ಮೊತ್ತ 0.693 ÷ 10,800, ಸುಮಾರು ಸೆಕೆಂಡಿಗೆ 0.000064. ಮೊದಲು ಇಳಿದದ್ದು 58ರ ಪಾಲಿನದು ಎಂದುಕೊಂಡರೆ, ಅದು ಇನ್ನೊಂದಾಗುವ ದರ ಈ ಮೊತ್ತದ 0.42 ಪಾಲು: 0.000027. ಇದನ್ನು 313 ಕೆಲ್ವಿನ್‌ನಲ್ಲಿ ಐರಿಂಗ್ ಸಮೀಕರಣಕ್ಕೆ (ದರದಿಂದ ತಡೆ ಲೆಕ್ಕ ಹಾಕುವ ಸೂತ್ರ) ಹಾಕಿದರೆ ತಡೆ ಮೋಲ್‌ಗೆ 24.9 ಕಿಲೋಕ್ಯಾಲೊರಿ, ಸುಮಾರು 104 ಕಿಲೋಜೂಲ್ ಬರುತ್ತದೆ. ಬೆಂಚ್ ಮೇಲಿನ ಅಳತೆ ಒರಟು, ಆದರೂ ಹೆದರಬೇಡಿ. ದರ ಎರಡು ಪಟ್ಟು ತಪ್ಪಿದರೂ ತಡೆಯಲ್ಲಿ ವ್ಯತ್ಯಾಸ 0.43 ಕಿಲೋಕ್ಯಾಲೊರಿ ಮಾತ್ರ.

ಎಂಟ್ರಪಿ ಪಾಲು ಸೊನ್ನೆಗೆ ಹತ್ತಿರ ಎಂದಿಟ್ಟುಕೊಂಡರೆ (ಇಂಥ ಬರೀ ತಿರುಗುವ ಕ್ರಿಯೆಗೆ ಅದು ಸರಿ) ಅರ್ಧ ದಾರಿಯ ಸಮಯ ಹೀಗೆ ಬರುತ್ತದೆ: 60 ಡಿಗ್ರಿಯಲ್ಲಿ 15 ನಿಮಿಷ, 40ರಲ್ಲಿ 3 ತಾಸು, 25ರಲ್ಲಿ 23 ತಾಸು, 4 ಡಿಗ್ರಿ ಫ್ರಿಜ್‌ನಲ್ಲಿ 25 ದಿನ, ಮೈನಸ್ 20ರಲ್ಲಿ 5 ವರ್ಷ. ಪುಸ್ತಕಗಳಲ್ಲಿ "ಕೋಣೆಯ ಉಷ್ಣತೆಯಲ್ಲಿ ಸ್ಥಿರ" ಎಂದು ಬರೆಯುವವರ ಕೋಣೆ 20–25 ಡಿಗ್ರಿಯದು. ಕಲಬುರಗಿಯ ಮೇ ತಿಂಗಳಲ್ಲಿ ಅದೇ ಪದಾರ್ಥ ಏಳೆಂಟು ಪಟ್ಟು ಬೇಗ ಬೆರೆಯುತ್ತದೆ.

1983ರಲ್ಲಿ ರಸಾಯನಶಾಸ್ತ್ರಜ್ಞ ಮಿಚಿನೊರಿ ಓಕಿ ಹಾಕಿಕೊಟ್ಟ ಗೆರೆಯ ಪ್ರಕಾರ 1000 ಸೆಕೆಂಡ್ ಅರ್ಧಾಯುಷ್ಯ ಇದ್ದರೆ ಅದು ಆಟ್ರೊಪ್ ಐಸೋಮರ್. 300 ಕೆಲ್ವಿನ್‌ನಲ್ಲಿ ಅದು ಸುಮಾರು 22.3 ಕಿಲೋಕ್ಯಾಲೊರಿ. ನಿಮ್ಮದು ಗೆರೆ ದಾಟಿದೆ, ಆದರೆ ಬಾಟಲಿಯಲ್ಲಿ ಹಾಕಿ ಮರೆತುಬಿಡುವಷ್ಟು ಗಟ್ಟಿ ಅಲ್ಲ. ಔಷಧ ಕ್ಷೇತ್ರದಲ್ಲಿ ತಡೆ 20ರಿಂದ 30 ಕಿಲೋಕ್ಯಾಲೊರಿ ನಡುವೆ ಇರುವವನ್ನು ಎರಡನೇ ವರ್ಗ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಡುವ ವರ್ಗ ಅದೇ. ಅಂದಹಾಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕ್ಯಾನ್ಸರ್ ಔಷಧ ಸೊಟೊರಾಸಿಬ್ ನೋಡಿ: ಅದರಲ್ಲೂ ಎನ್–ಸಿಒ–ಎನ್ ಇರುವ ಉಂಗುರದ ನೈಟ್ರೋಜನ್ ಮೇಲೆ ಐಸೊಪ್ರೊಪೈಲ್ ಒಂದು ಪಕ್ಕ, ಮೀಥೈಲ್ ಇನ್ನೊಂದು ಪಕ್ಕ ಇರುವ ಪಿರಿಡೀನ್ ಕೂತಿದೆ. ಒಂದೇ ಆಟ್ರೊಪ್ ಐಸೋಮರ್ ಆಗಿ ಮಾರಾಟವಾಗುತ್ತದೆ. ನಿಮ್ಮ ಅನಿಲೀನ್ ಅದಕ್ಕೆ ಹತ್ತಿರದ ಬಂಧು.

ಎನ್‌ಎಂಆರ್‌ನಲ್ಲಿ ಬಿಸಿ ಮಾಡಿ ಎರಡು ಸಿಗ್ನಲ್ ಒಂದಾಗುವುದನ್ನು ತೋರಿಸಲು ಹೋಗಬೇಡಿ. 40 ಹರ್ಟ್ಜ್ ಅಂತರದ ಜೋಡಿ ಸೇರಬೇಕಾದರೆ ದರ ಸೆಕೆಂಡಿಗೆ 2.22 × 40, ಅಂದರೆ 89 ಆಗಬೇಕು. ಈ ತಡೆಗೆ ಅದು 220 ಡಿಗ್ರಿ ಸುಮಾರು. ದ್ರಾವಕ ಡಿಎಂಎಸ್‌ಒ ಕುದಿಯುವುದೇ 189ಕ್ಕೆ. ಬದಲಿಗೆ ಶುದ್ಧ ಫ್ರ್ಯಾಕ್ಷನ್ನನ್ನು ಥರ್ಮೋಸ್ಟಾಟ್ ಇರುವ ಬಾತ್‌ನಲ್ಲಿ 40, 50, 60 ಡಿಗ್ರಿಯಲ್ಲಿಟ್ಟು, ಆಗಾಗ ಒಂದಿಷ್ಟು ತೆಗೆದು ತಕ್ಷಣ ಐಸ್‌ನಲ್ಲಿ ತಣಿಸಿ ಎಚ್‌ಪಿಎಲ್‌ಸಿಗೆ ಹಾಕಿ. 30 ಡಿಗ್ರಿ ಕಾಲಮ್‌ನಲ್ಲಿ 20 ನಿಮಿಷದ ಓಟಕ್ಕೆ ಒಳಗೇ ಬದಲಾಗುವುದು ನೂರಕ್ಕೆ ಒಂದು ಪಾಲಿನಷ್ಟು, ಲೆಕ್ಕ ಕೆಡುವುದಿಲ್ಲ. ಸಮತೋಲದಿಂದ ಉಳಿದ ಅಂತರದ ನ್ಯಾಚುರಲ್ ಲಾಗ್ ಅನ್ನು ಸಮಯದ ಎದುರು ಎಳೆದರೆ ನೇರ ಗೆರೆ ಬರಬೇಕು. ಗೆರೆ ಬಾಗಿದರೆ ಬೇರೇನೋ ಒಡೆಯುತ್ತಿದೆ ಎಂದರ್ಥ.

ಉಪಕರಣ ಸಿಗದ ದಿನ ಟಿಎಲ್‌ಸಿ (ಸಿಲಿಕಾ ಲೇಪಿಸಿದ ಪ್ಲೇಟಿನ ಕ್ರೊಮ್ಯಾಟೋಗ್ರಫಿ) ಸಾಕು. ಚೌಕ ಪ್ಲೇಟಿನ ಮೂಲೆಯಲ್ಲಿ ಚುಕ್ಕೆ ಇಟ್ಟು ಒಮ್ಮೆ ಓಡಿಸಿ, 60 ಡಿಗ್ರಿ ಓವನ್‌ನಲ್ಲಿ ಅರ್ಧ ತಾಸಿಟ್ಟು, 90 ಡಿಗ್ರಿ ತಿರುಗಿಸಿ ಅದೇ ದ್ರಾವಕದಲ್ಲಿ ಮತ್ತೆ ಓಡಿಸಿ. ಎರಡು ಬೇರೆ ಪದಾರ್ಥಗಳಾದರೆ ಕರ್ಣದ ಮೇಲೆ ಎರಡೇ ಚುಕ್ಕೆ. ಒಂದರಿಂದೊಂದು ಆಗುತ್ತಿದ್ದರೆ ಚೌಕದ ನಾಲ್ಕು ಮೂಲೆಯ ಹಾಗೆ ನಾಲ್ಕು.

---

ಭೀಮಾತೀರ (ಯಾದಗಿರಿ)

ಬೀದರ್ ಸರ್ ಹೇಳಿದ್ದು ಖರೆ ಅದ. ನಾ ಬ್ಯಾಸಗ್ಯಾಗ ಕೈಗೆ ಬರೋ ತೊಂದರಿ ಬಗ್ಗೆ ಅಷ್ಟೇ ಹೇಳ್ತೀನಿ.

ರೋಟರಿ ಬಾತ್ 25 ಡಿಗ್ರಿ ದಾಟಿಸಬ್ಯಾಡ್ರಿ. ನಳದ ನೀರೇ ಈಗ 35ರ ಮ್ಯಾಲ ಬರ್ತದ, ಅದಕ್ಕ ಬಾತ್‌ಗೆ ಐಸ್ ಹಾಕ್ರಿ, ಕಂಡೆನ್ಸರ್‌ಗೆ ಚಿಲ್ಲರ್ ಹಚ್ರಿ. ಕಾಲಮ್‌ಗೆ ಈಥೈಲ್ ಅಸಿಟೇಟ್–ಹೆಕ್ಸೇನ್ ಸಾಕು. ಈಥರ್ ಕುದಿಯೋದು 34.6ಕ್ಕ, ಡೈಕ್ಲೋರೊಮೀಥೇನ್ 39.6ಕ್ಕ. ನಮ್ಮ ಕಡೆ ಮಧ್ಯಾಹ್ನದಾಗ ಅವು ಕಾಲಮ್ ಒಳಗೇ ಗುಳ್ಳಿ ಎದ್ದು ಸಿಲಿಕಾ ಸೀಳಿಬಿಡ್ತಾವ. ಮುಂಜಾನಿ ಲಗೂ ಶುರು ಮಾಡಿ ಮುಗಸ್ರಿ. ಫ್ರ್ಯಾಕ್ಷನ್ ಟ್ಯೂಬ್ ಸ್ಟ್ಯಾಂಡ್ ಐಸ್ ಟ್ರೇದಾಗ ಇರಲಿ.

ಮೀಥೈಲ್ ಅಯೊಡೈಡ್ 42ಕ್ಕ ಕುದೀತದ. ಬಾಟ್ಲಿ ಫ್ರಿಜ್‌ನ್ಯಾಗ ತಣ್ಣಗ ಆದ ಮ್ಯಾಲ ಫ್ಯೂಮ್ ಹುಡ್ ಒಳಗ ತೆಗೀರಿ, ಸಿರಿಂಜ್ ಸುದ್ದಾ ತಣ್ಣಗಿರಲಿ. ಇಲ್ಲಾಂದ್ರ ಸೂಜಿ ಒಳಗ ಆವಿ ಆಗಿ ಅಳತಿ ತಪ್ತದ, ನಿಮ್ಮ ಉಸಿರಿಗೂ ಹೋಗ್ತದ. ಅದು ವಿಷ. 5 ಮಿಲಿಮೋಲ್ ಯೂರಿಯಾಕ್ಕ, ಅಂದ್ರ 1.48 ಗ್ರಾಂಗೆ, 25 ಮಿಲಿ ಒಣ ಟಿಎಚ್‌ಎಫ್ (ದ್ರಾವಕ), 60 ಪರ್ಸೆಂಟ್ ಸೋಡಿಯಂ ಹೈಡ್ರೈಡ್ 0.60 ಗ್ರಾಂ. 0 ಡಿಗ್ರಿಯಾಗ ಗುಳ್ಳಿ ನಿಲ್ಲೋ ತನಕ ಕಾಯ್ರಿ, ಆಮ್ಯಾಲ ಮೀಥೈಲ್ ಅಯೊಡೈಡ್ 1.25 ಮಿಲಿ. ಡಿಎಂಎಫ್ ಅನ್ನೋ ದ್ರಾವಕದಾಗ ಲಗೂ ಆಗ್ತದ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ. ಸೋಡಿಯಂ ಹೈಡ್ರೈಡ್ ಮತ್ತ ಡಿಎಂಎಫ್ ಕೂಡಿದ್ರ ತಾನೇ ಕಾವೇರಿ ಹತೋಟಿ ತಪ್ಪೋದು ಗೊತ್ತಿದ್ದ ಅಪಾಯ. 40 ಡಿಗ್ರಿ ಕೋಣ್ಯಾಗ ಅದಕ್ಕ ಇನ್ನೂ ಅನುಕೂಲ ಮಾಡಿಕೊಟ್ಟಂಗ.

ಉಂಗುರದ ಪಕ್ಕದ ಎನ್‌ಎಚ್ ಜಾಸ್ತಿ ಆಮ್ಲೀಯ, ಅದು ಮೊದಲು ಮೀಥೈಲ್ ತಗೋತದ. ಇನ್ನೊಂದು ನಿಧಾನ. ಎನ್‌ಎಂಆರ್‌ನ್ಯಾಗ ಎನ್‌ಎಚ್ ಡಬ್ಲೆಟ್ (ಎರಡು ಗೆರಿ ಸಿಗ್ನಲ್) ಉಳದಿದ್ರ ಅರ್ಧಕ್ಕ ನಿಂತದ ಅಂತ ತಿಳೀರಿ. ಮುಗದ ಮ್ಯಾಲ ಅಮೋನಿಯಾ ನೀರು ಹಾಕಿ ಉಳದ ಅಯೊಡೈಡ್ ಕೊಂದು ಆಮ್ಯಾಲ ವರ್ಕಪ್ (ತೊಳದು ಪದಾರ್ಥ ಬ್ಯಾರೆ ತೆಗಿಯೋದು).

ಒಂದು ಮಾತು ಮಳಿಗಾಲದ ಸಲುವಾಗಿ: ಐಸೊಸಯನೇಟ್‌ಗೆ ಹಸಿ ತಗಲಿದ್ರ ಎರಡೂ ಕಡೆ ಫಿನೈಲ್‌ಈಥೈಲ್ ಇರೋ ಯೂರಿಯಾ ಬಿಳಿ ಪುಡಿ ಆಗಿ ಬೀಳ್ತದ. ಟಾಲ್ವೀನ್‌ನ್ಯಾಗ 80 ಡಿಗ್ರಿಗೆ ರಾತ್ರಿಪೂರ ಇಡೋ ಮುಂಚೆ ಅನಿಲೀನ್, ಟಾಲ್ವೀನ್ ಎರಡೂ ಒಣಗಿಸ್ರಿ. ಆ ಪುಡಿ ನಿಮ್ಮ ಪದಾರ್ಥದ ಕೂಡ ಹರಳಾದ್ರ ಬಿಡಿಸೋದು ತ್ರಾಸ.

---

ತೊಗರಿಕಣಜ (ಕಲಬುರಗಿ)

ಇಬ್ಬರಿಗೂ ಧನ್ಯವಾದ. ಟಿಎಲ್‌ಸಿ ಪರೀಕ್ಷೆಯಲ್ಲಿ ನಾಲ್ಕು ಚುಕ್ಕೆ ಬಂತು.

ಈಗ ಲಿಥಿಯಂ ಹಂತ. ಆರಿಲ್ ಗುಂಪು (ಅನಿಲೀನ್‌ನಿಂದ ಬಂದ ಬೆಂಜೀನ್ ಉಂಗುರ) ನೈಟ್ರೋಜನ್ ಬಿಟ್ಟು ಕಾರ್ಬನ್‌ಗೆ ದಾಟಬೇಕು, ಡೈಆರಿಲ್ ಈಥೈಲ್ ಅಮೀನ್ ಸಿಗಬೇಕು ಎಂಬುದು ಗುರಿ. ಮೈನಸ್ 78ರಲ್ಲಿ ಸೆಕೆಂಡರಿ ಬ್ಯುಟೈಲ್ ಲಿಥಿಯಂ ಹಾಕಿದಾಗ ಗಾಢ ಕೆಂಪು ಬರುತ್ತದೆ, ಆದರೆ ವರ್ಕಪ್ ಆದಮೇಲೆ ಎಲ್‌ಸಿ–ಮಾಸ್‌ನಲ್ಲಿ 325 ಮಾತ್ರ. ರಿಯಾಕ್ಷನ್ ಆಗಿಲ್ಲ ಎಂದು ತಿಳಿಯಬೇಕೇ?

---

ಸ್ಪೈರೊ_585 (ಕಲಬುರಗಿ)

ಆರಿಲ್ ದಾಟಿದರೂ ಪರಮಾಣು ಕೂಡುವುದಿಲ್ಲ, ಕಳೆಯುವುದಿಲ್ಲ. ಉತ್ಪನ್ನವೂ ಐಸೋಮರ್, ತೂಕ ಅದೇ 324.5. ಮಾಸ್ ಇಲ್ಲಿ ಏನೂ ಹೇಳಲಾರದು, ಎನ್‌ಎಂಆರ್ ನೋಡಿ. ಆರಿಲ್ ಬಿಟ್ಟುಹೋದ ನೈಟ್ರೋಜನ್ ವರ್ಕಪ್‌ನಲ್ಲಿ ಎನ್‌ಎಚ್ ಆಗುತ್ತದೆ. ಅದರ ಮೀಥೈಲ್ ಸಿಂಗ್ಲೆಟ್ (ಒಂದೇ ಗೆರೆ) ಇದ್ದದ್ದು 2.7 ಪಿಪಿಎಂ ಆಸುಪಾಸಿನಲ್ಲಿ 5 ಹರ್ಟ್ಜ್‌ಗೆ ಹತ್ತಿರದ ಡಬ್ಲೆಟ್ ಆಗುತ್ತದೆ. ಫಿನೈಲ್‌ಈಥೈಲ್‌ನ ಸಿಎಚ್ ಕ್ವಾರ್ಟೆಟ್ (ನಾಲ್ಕು ಗೆರೆ) ಮಾಯವಾಗಿ, ಅದರ ಮೀಥೈಲ್ ಡಬ್ಲೆಟ್ ಹೋಗಿ ಸಿಂಗ್ಲೆಟ್ ಬರುತ್ತದೆ. ಟಿಎಲ್‌ಸಿಯಲ್ಲಿ ಎನ್‌ಎಚ್ ಇರುವುದು ಕೆಳಗೆ ನಿಲ್ಲುತ್ತದೆ. ಈ ಮೂರೂ ಕಾಣದಿದ್ದರೆ ಆಗ "ಆಗಿಲ್ಲ" ಎನ್ನಿ.

ಕೆಂಪು ಬಂದಿದೆ ಎಂದರೆ ಬೆಂಜಿಲಿಕ್ ಪ್ರೋಟಾನ್ (ಉಂಗುರಕ್ಕೆ ತಾಗಿದ ಕಾರ್ಬನ್ ಮೇಲಿನದು) ಒಂದು ಹೋಗಿದೆ, ಅಷ್ಟೇ. ನಿಮ್ಮ ಅಣುವಿನಲ್ಲಿ ಸುಲಭವಾಗಿ ಹೋಗುವಂಥದ್ದು ಎರಡು ಕಡೆ ಇದೆ: ನೈಟ್ರೋಜನ್ ಪಕ್ಕದ ಸಿಎಚ್, ಮತ್ತು ಉಂಗುರದ 6ನೇ ಸ್ಥಾನದ ಮೀಥೈಲ್. ಲಿಥಿಯಂ ಮೊದಲು ಕಾರ್ಬೊನಿಲ್ ಆಮ್ಲಜನಕಕ್ಕೆ ಅಂಟಿ, ಅಲ್ಲಿಂದ ಕೈಗೆಟಕುವ ಪ್ರೋಟಾನ್ ಎಳೆಯುತ್ತದೆ. ಎನ್-ಮೀಥೈಲ್ ಇರುವ ಆರಿಲ್ ಯೂರಿಯಾದಲ್ಲಿ ಉಂಗುರ ಆಮ್ಲಜನಕಕ್ಕೆ ಬೆನ್ನು ಹಾಕಿ, ಇನ್ನೊಂದು ನೈಟ್ರೋಜನ್ ಕಡೆಗೆ ಮುಖ ಮಾಡಿ ಕೂರುತ್ತದೆ. ಹಾಗಾಗಿ ಸಿಎಚ್‌ಗೆ ಮೇಲುಗೈ. ಪ್ರೋಟಾನ್ ಕಳೆದುಕೊಂಡ ಆ ಕಾರ್ಬನ್ (ಕಾರ್ಬಾನಯಾನ್) ಉಂಗುರದ ನೈಟ್ರೋಜನ್ ಹಿಡಿದ ಕಾರ್ಬನ್ ಮೇಲೇ ಎರಗಿ, ಐದು ಸದಸ್ಯರ ಸ್ಪೈರೊ (ಎರಡು ಉಂಗುರ ಒಂದೇ ಕಾರ್ಬನ್ ಹಂಚಿಕೊಂಡ) ಹಂತದ ಮೂಲಕ ಉಂಗುರವನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಜೊನಾಥನ್ ಕ್ಲೇಡನ್ ಅವರ ತಂಡ ಮ್ಯಾಂಚೆಸ್ಟರ್‌ನಲ್ಲಿದ್ದಾಗ 2007ರಲ್ಲಿ ಇದನ್ನು ಪ್ರಕಟಿಸಿತು. ಸಾಮಾನ್ಯ ನ್ಯೂಕ್ಲಿಯೋಫಿಲಿಕ್ ಬದಲಿ ಕ್ರಿಯೆಗೆ ನೈಟ್ರೋ ಮೊದಲಾದ ಗುಂಪು ಬೇಕೇ ಬೇಕು. ಇಲ್ಲಿ ಇಲೆಕ್ಟ್ರಾನ್ ತುಂಬಿದ ಉಂಗುರ ಕೂಡ ದಾಟುತ್ತದೆ, ಯಾಕೆಂದರೆ ಯೂರಿಯಾದ ಆಕಾರವೇ ಎರಡನ್ನೂ ಎದುರುಬದುರು ಕೂರಿಸಿಬಿಟ್ಟಿದೆ. ನನಗೆ ಈ ರಸಾಯನಶಾಸ್ತ್ರದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಆದರೆ ಎರಡೂ ಆರ್ಥೋ ಸ್ಥಾನ (2 ಮತ್ತು 6) ತುಂಬಿದಾಗ ಆ ಕಾರ್ಬನ್‌ಗೆ ಹೋಗುವ ದಾರಿ ಇಕ್ಕಟ್ಟು. ದಾಟುವುದು ನಿಧಾನವಾದಷ್ಟೂ ಪಕ್ಕದ ಮೀಥೈಲ್‌ನ ಲಿಥಿಯೇಷನ್‌ಗೆ ಅವಕಾಶ. ಎಲ್ಲಿ ಹೋಗುತ್ತಿದೆ ಎಂದು ಊಹಿಸದೆ ಡ್ಯೂಟೀರಿಯಂ ಹಾಕಿ ನೋಡಿ. ಡಿಎಂಪಿಯು (ಲಿಥಿಯಂ ಹಿಡಿಯುವ ಸಹದ್ರಾವಕ) ಹಾಕದೆ, ಮೈನಸ್ 78ರಲ್ಲಿ, ಬೇಸ್ ಹಾಕಿ ಐದು ನಿಮಿಷಕ್ಕೆ ಡ್ಯೂಟೀರೇಟೆಡ್ ಮೆಥನಾಲ್‌ನಿಂದ ನಿಲ್ಲಿಸಿ. ಭಾರಜಲ ಬೇಡ, ಅದು ಫ್ಲಾಸ್ಕ್ ಒಳಗೆ ಹೆಪ್ಪುಗಟ್ಟಿ ಬೆರೆಯುವುದೇ ಇಲ್ಲ, ಅಷ್ಟರಲ್ಲಿ ಬೇರೆ ಎಲ್ಲಿಂದಲೋ ಪ್ರೋಟಾನ್ ಬಂದಿರುತ್ತದೆ. ಕ್ವಾರ್ಟೆಟ್ ಕುಗ್ಗಿತೋ, 2.2ರ ಬಳಿಯ ಆರಿಲ್ ಮೀಥೈಲ್ ಕುಗ್ಗಿತೋ ನೋಡಿದರೆ ಉತ್ತರ ಸಿಕ್ಕಿತು.

ಪ್ರಮಾಣ: 0.5 ಮಿಲಿಮೋಲ್, ಅಂದರೆ 162 ಮಿಲಿಗ್ರಾಂ ಯೂರಿಯಾ, 5 ಮಿಲಿ ಟಿಎಚ್‌ಎಫ್, 1.4 ಮೋಲಾರ್ ಸೆಕೆಂಡರಿ ಬ್ಯುಟೈಲ್ ಲಿಥಿಯಂ 0.71 ಮಿಲಿ (2 ಈಕ್ವಿವಲೆಂಟ್). ಬಾಟಲಿ ಮೇಲಿನ 1.4 ನಂಬಬೇಡಿ. ಈ ಬಿಸಿಲಲ್ಲಿ ಸಾಗಿ ಬಂದದ್ದು 1ಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ಎನ್-ಬೆಂಜೈಲ್ ಬೆಂಜಮೈಡ್ 211 ಮಿಲಿಗ್ರಾಂ (1 ಮಿಲಿಮೋಲ್) ಅನ್ನು ಒಣ ಟಿಎಚ್‌ಎಫ್‌ನಲ್ಲಿ ಕರಗಿಸಿ ಮೈನಸ್ 40ರಲ್ಲಿ ಟೈಟ್ರೇಟ್ ಮಾಡಿ, ನೀಲಿ ನಿಂತಾಗ ನಿಲ್ಲಿಸಿ. ಬಾಟಲಿ ತಳದಲ್ಲಿ ಬಿಳಿ ಗಸಿ ಇದ್ದರೆ ಕದಡದೆ ಮೇಲಿನ ತಿಳಿ ಎಳೆದುಕೊಳ್ಳಿ.

ಬಣ್ಣ ಬಂದ 15 ನಿಮಿಷದ ಮೇಲೆ ಡಿಎಂಪಿಯು 0.5 ಮಿಲಿ. ನೇರ ಸುರಿದರೆ ಗೆಡ್ಡೆ ಕಟ್ಟುತ್ತದೆ, ಒಂದು ಮಿಲಿ ಟಿಎಚ್‌ಎಫ್‌ನಲ್ಲಿ ಬೆರೆಸಿ ಗೋಡೆಗುಂಟ ಹನಿಹನಿಯಾಗಿ ಬಿಡಿ. ಕ್ಯಾಲ್ಸಿಯಂ ಹೈಡ್ರೈಡ್ ಮೇಲೆ ಒಣಗಿಸಿ ನಿರ್ವಾತದಲ್ಲಿ ಬಟ್ಟಿ ಇಳಿಸಿದ್ದೇ ಆಗಬೇಕು. ಇದು ಲಿಥಿಯಂ ಅನ್ನು ಸುತ್ತುವರಿದು ಕಾರ್ಬಾನಯಾನ್‌ಗೆ ಬಿಡುವು ಕೊಡುತ್ತದೆ, ದಾಟುವುದು ಆಗಲೇ ಶುರು.

---

ಭೀಮಾತೀರ (ಯಾದಗಿರಿ)

ಬಾತ್ ಬಗ್ಗೆ: ಡ್ರೈ ಐಸ್ ಹೈದರಾಬಾದ್‌ನಿಂದ ಬರೂದ್ರಾಗ ಅರ್ಧ ಆವಿ ಆಗಿರ್ತದ. ಲಿಕ್ವಿಡ್ ನೈಟ್ರೋಜನ್ ಸಿಕ್ಕರ ಈಥೈಲ್ ಅಸಿಟೇಟ್‌ಗೆ ಸ್ವಲ್ಪಸ್ವಲ್ಪ ಹಾಕಿ ಕೈಯಾಡಿಸ್ರಿ, ಗಂಜಿ ಹದಕ್ಕ ಬಂದ್ರ ಮೈನಸ್ 84. ಬರೇ ಲಿಕ್ವಿಡ್ ನೈಟ್ರೋಜನ್‌ನ್ಯಾಗ ಫ್ಲಾಸ್ಕ್ ಮುಳುಗಿಸಬ್ಯಾಡ್ರಿ, ಟಿಎಚ್‌ಎಫ್ ಹೆಪ್ಪುಗಟ್ತದ, ಗಾಳಿ ಒಳಗ ಹೊಕ್ಕರ ಆಕ್ಸಿಜನ್ ದ್ರವ ಆಗಿ ಕೂಡ್ತದ. ಡೀವಾರ್ ಮ್ಯಾಲ ಥರ್ಮೋಕೋಲ್ ಮುಚ್ಚಳ ಇರಲಿ. ಮತ್ತ ಥರ್ಮಾಮೀಟರ್ ಬಾತ್‌ನ್ಯಾಗಲ್ಲ, ಫ್ಲಾಸ್ಕ್ ಒಳಗ ಇರಬೇಕು. ಹೊರಗ 42 ಇದ್ದಾಗ ಬ್ಯುಟೈಲ್ ಲಿಥಿಯಂ ಬೀಳೂಮುಂದ ಒಳಗ ಹತ್ತು ಡಿಗ್ರಿ ಏರೋದು ಸಹಜ.

---

ಬಿದರಿ_ಬೀಕರ್ (ಬೀದರ್)

ಮಿಶ್ರಣವೋ, ಬೇರೆ ಮಾಡಿದ್ದೋ ಎಂದು ಮೊದಲೇ ಕೇಳಿದ್ದ ಪ್ರಶ್ನೆ ಉಳಿದಿತ್ತು. ಮೈನಸ್ 78ರಲ್ಲಿ ಎರಡು ಆಟ್ರೊಪ್ ಐಸೋಮರ್ ಒಂದರಿಂದೊಂದು ಆಗುವುದೇ ಇಲ್ಲ. ಆದ್ದರಿಂದ ಫ್ಲಾಸ್ಕ್‌ನಲ್ಲಿ ಎರಡು ಬೇರೆ ಬೇರೆ ಪದಾರ್ಥ ಇದ್ದಂತೆಯೇ ಲೆಕ್ಕ. ಒಂದು ಬೇಗ ದಾಟಬಹುದು, ಇನ್ನೊಂದು ಹಾಗೇ ಉಳಿಯಬಹುದು. ಮೊದಲು ಮಿಶ್ರಣ ಹಾಕಿ, ಅರ್ಧ ಆದಾಗ ನಿಲ್ಲಿಸಿ, ಉಳಿದ ಯೂರಿಯಾದ ಅನುಪಾತ ಅಳೆಯಿರಿ. 58:42 ಹಾಗೇ ಇದ್ದರೆ ಬೇರೆ ಮಾಡುವ ಶ್ರಮ ವ್ಯರ್ಥ. ಬದಲಾಗಿದ್ದರೆ ಬೇರೆ ಮಾಡಿ, ಒಂದೊಂದನ್ನೇ ಹಾಕಿ. ಅಳತೆಯನ್ನು ರೋಟರಿಗೆ ಹಾಕುವ ಮೊದಲೇ, ಐಸ್‌ನಲ್ಲಿಟ್ಟ ಈಥೈಲ್ ಅಸಿಟೇಟ್ ಪದರದಿಂದ ನೇರ ತೆಗೆದು ಮಾಡಿ. 60 ಡಿಗ್ರಿಯಲ್ಲಿ ಆರಿಸಿದ ಮೇಲೆ ಅಳೆದರೆ ಯಾವಾಗಲೂ 58:42ರ ಹತ್ತಿರವೇ ಬರುತ್ತದೆ, ರಿಯಾಕ್ಷನ್‌ನಲ್ಲಿ ಆಯ್ಕೆ ಇತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಅದೇ ಬಿಸಿಯಿಂದ ಲಾಭವೂ ಉಂಟು: ಉಳಿದ ಐಸೋಮರನ್ನು ಕಾಯಿಸಿ ಸಮತೋಲಕ್ಕೆ ತಂದು ಮತ್ತೆ ಬಳಸಬಹುದು.

ದಾಟಿಸುವುದೇ ಮುಖ್ಯ ಗುರಿಯಾದರೆ 2-ಟಾಲೈಲ್ ಅಥವಾ 1-ನ್ಯಾಫ್ಥೈಲ್ ಯೂರಿಯಾ ಹಿಡಿಯುವುದು ವಾಸಿ. ಈಗಿನ ಅಣುವನ್ನು ಅಕ್ಷದ ಅಧ್ಯಯನಕ್ಕೆ ಇಟ್ಟುಕೊಳ್ಳಿ.

---

ತೊಗರಿಕಣಜ (ಕಲಬುರಗಿ)

ಸರಿ ಸರ್. ಎರಡರಲ್ಲಿ ಯಾವುದು ಯಾವ ಅಕ್ಷ ಎಂದು ಹೇಗೆ ಗುರುತಿಸಲಿ?

---

ಸ್ಪೈರೊ_585 (ಕಲಬುರಗಿ)

ಎನ್‌ಒಇ (ಹತ್ತಿರ ಇರುವ ಹೈಡ್ರೋಜನ್‌ಗಳನ್ನು ತೋರಿಸುವ ಎನ್‌ಎಂಆರ್ ವಿಧಾನ) ಮೇಲೆ ಮಾತ್ರ ಭರವಸೆ ಇಡಬೇಡಿ. ಐಸೊಪ್ರೊಪೈಲ್‌ನ ಸಿಎಚ್‌ಗೂ ಫಿನೈಲ್‌ಈಥೈಲ್‌ಗೂ ನಡುವಿನ ಸಂಕೇತ ಎರಡರಲ್ಲೂ ಸ್ವಲ್ಪಸ್ವಲ್ಪ ಬರುವ ಸಾಧ್ಯತೆ ಹೆಚ್ಚು, ಕಾರ್ಬೊನಿಲ್ ಪಕ್ಕದ ಬಂಧಗಳು ಸಲೀಸಾಗಿ ತಿರುಗುತ್ತಿರುತ್ತವಲ್ಲ. ಹರಳು ಬೆಳೆಸಿ ಎಕ್ಸ್-ರೇ ಮಾಡಿಸಿ. ಎಸ್ ಕೇಂದ್ರ ಮೊದಲೇ ಗೊತ್ತಿರುವುದರಿಂದ ಅಕ್ಷದ ದಿಕ್ಕು ಅದಕ್ಕೆ ಹೋಲಿಸಿದರೆ ಸಾಕು, ಭಾರದ ಪರಮಾಣು ಬೇಕಿಲ್ಲ.

ಒಂದು ಎಚ್ಚರಿಕೆ. ದ್ರಾವಣದಲ್ಲಿ ಎರಡೂ ಅದಲುಬದಲಾಗುತ್ತಿರುವಾಗ ಮೊದಲು ಹರಳಾಗುವ ಐಸೋಮರ್ ಉಳಿದದ್ದನ್ನೂ ತನ್ನ ಕಡೆ ಎಳೆಯುತ್ತದೆ. ಕಡಿಮೆ ಇದ್ದ 42ರ ಐಸೋಮರ್ ಕೂಡ ಹೀಗೆ ಪೂರ್ತಿ ಹರಳಾಗಬಹುದು. ಹೆಪ್ಟೇನ್‌ನಲ್ಲಿ ಸ್ವಲ್ಪವೇ ಕರಗುವಂತೆ ಸ್ಲರಿ ಮಾಡಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ, ನಿಧಾನವಾಗಿ ತಣಿಸಿ ಸೋಸಿದರೆ ಕಾಲಮ್ ಇಲ್ಲದೆಯೇ ಒಂದೇ ಐಸೋಮರ್ ಸಿಗುವ ಸಾಧ್ಯತೆ ಇದೆ. ಆದ್ದರಿಂದ ಎಕ್ಸ್-ರೇಗೆ ಕೊಟ್ಟ ಹರಳು ಮೊದಲು ಇಳಿದ ಪೀಕ್‌ದೇ ಎಂದು ಭಾವಿಸಬೇಡಿ. ಅದೇ ಬ್ಯಾಚಿನ ಇನ್ನೊಂದು ಹರಳನ್ನು 0 ಡಿಗ್ರಿಯ ಅಸಿಟೊನೈಟ್ರೈಲ್‌ನಲ್ಲಿ ಕರಗಿಸಿ ತಕ್ಷಣ ಎಚ್‌ಪಿಎಲ್‌ಸಿಗೆ ಹಾಕಿ, ಯಾವ ಪೀಕ್ ಬಂತು ಎಂದು ಬರೆದುಕೊಳ್ಳಿ. ವಯಲ್ ಲೇಬಲ್ ಮೇಲೆ ಅನುಪಾತದ ಜೊತೆ ಅಳೆದ ತಾಸು ಮತ್ತು ಇಟ್ಟ ಉಷ್ಣತೆ ಎರಡೂ ಇರಲಿ.